ಬೇಸಗೆಯ ಬೇಗೆಯೂ ದೇಹರಕ್ಷಣೆಯೂ

ಗ್ರೀಷ್ಮದ ತಾಪವನ್ನು ಸೂಚಿಸುವ ಪದಗಳು ಕನ್ನಡದಲ್ಲಿ ಹಲವು. ಬಿಸಿಲು, ಝಳ, ಬೇಗೆ, ಧಗೆ, ಸೆಕೆ ಎಂಬಿವು ಮೇಲ್ನೋಟಕ್ಕೆ ಪರ್ಯಾಯಪದಗಳಂತೆ ಕಂಡರೂ ಪ್ರಯೋಗದಲ್ಲಿ ಒಂದೇ ಅಲ್ಲ. ಬಯಲುಸೀಮೆಯವರು ‘ಝಳ’ ಎನ್ನುವಾಗ ಮುಖಕ್ಕೆ ಬಡಿಯುವ ಒಣ ಕಾವು ಅವರ ಮನಸ್ಸಿನಲ್ಲಿರುತ್ತದೆ. ಕರಾವಳಿಯವರು ‘ಸೆಕೆ’ ಎನ್ನುವಾಗ ಬೆವರು ಆರದೆ ಮೈಗಂಟಿ ಉಸಿರುಕಟ್ಟಿಸುವ ತೇವದ ಕಾವು ಅಭಿಪ್ರೇತವಾಗಿರುತ್ತದೆ. ಈ ಎರಡು ಪದಗಳ ಭೇದವನ್ನು ಬಲ್ಲವನಿಗೆ ಬೇಸಗೆಯ ಅಪಾಯದ ಅರ್ಧ ಮರ್ಮ ತಿಳಿದಂತೆಯೇ ಸರಿ.

ಉತ್ತರ ಕನ್ನಡ ಜಿಲ್ಲೆಯ ಕಾರವಾರ ತಾಲೂಕಿನಲ್ಲಿ, ಕಾಳಿ ನದಿಯ ಉತ್ತರಕ್ಕೆ, ಗೋವೆಯ ಗಡಿಗೆ ತಾಗಿದಂತಿರುವ ಕಡಲತಡಿಯ ಊರು ಮಾಜಾಳಿ. ಪಶ್ಚಿಮಕ್ಕೆ ಅರಬ್ಬೀ ಸಮುದ್ರ, ಪೂರ್ವಕ್ಕೆ ಸಹ್ಯಾದ್ರಿಯ ಸಾಲು. ಇಂತಹ ಊರಿಗೆ ಬಿಸಿಲಿನ ಭಯವೇನು, ಅದು ಕಲಬುರ್ಗಿ ರಾಯಚೂರುಗಳ ಪಾಡು ಎಂಬ ನಂಬಿಕೆ ಬಹುಜನರಲ್ಲಿದೆ. ಈ ನಂಬಿಕೆಯೇ ಮೊದಲ ಅಪಾಯ.

ಕಡಲತಡಿಯನ್ನು ತಂಪಾಗಿಡುವುದು ಕಡಲಗಾಳಿ. ಹಗಲು ನೆಲವು ನೀರಿಗಿಂತ ಬೇಗ ಕಾಯುತ್ತದೆ. ಕಾದ ನೆಲದ ಮೇಲಿನ ಗಾಳಿ ಮೇಲೇರುತ್ತದೆ. ಆ ಎಡೆಯನ್ನು ತುಂಬಲು ಸಮುದ್ರದಿಂದ ತಂಪುಗಾಳಿ ಬೀಸುತ್ತದೆ. ಆದರೆ ಫೆಬ್ರವರಿ, ಮಾರ್ಚ್ ತಿಂಗಳುಗಳಲ್ಲಿ ಕೆಲವೊಮ್ಮೆ ಮೂಡಣ ಗಾಳಿ ಪ್ರಬಲವಾಗಿ ಘಟ್ಟವನ್ನಿಳಿದು ಬರುತ್ತದೆ. ಕೆಳಗಿಳಿಯುವ ಒಣಗಾಳಿ ಒತ್ತಡಕ್ಕೆ ಸಿಕ್ಕಿ, ಸಾವಿರ ಮೀಟರಿಗೆ ಸುಮಾರು 10 ಡಿಗ್ರಿಯಂತೆ ಕಾವೇರುತ್ತದೆ. ಅದು ಕಡಲಗಾಳಿಯನ್ನು ಒಳಬರಗೊಡದೆ ತಡೆದ ದಿನ, ಮಾಜಾಳಿಯ ಮಧ್ಯಾಹ್ನವು ಬಯಲುಸೀಮೆಯ ಮಧ್ಯಾಹ್ನಕ್ಕೆ ಸಮನಾಗುತ್ತದೆ. ಏಪ್ರಿಲ್, ಮೇ ತಿಂಗಳುಗಳಲ್ಲಾದರೋ ಗಾಳಿಯ ತೇವ ಹೆಚ್ಚಿ, ಉಷ್ಣಮಾಪಕ ಅಷ್ಟಾಗಿ ಏರದಿದ್ದರೂ ಸೆಕೆ ಅಸಹ್ಯವಾಗುತ್ತದೆ. ಹೀಗೆ ಕರಾವಳಿಯ ಬೇಸಗೆಗೆ ಎರಡು ಮುಖಗಳುಂಟು.

ಭಾರತೀಯ ಹವಾಮಾನ ಇಲಾಖೆಯು ಈ ಭೇದವನ್ನು ಗಮನಿಸಿಯೇ ಬಿಸಿಗಾಳಿಯ ಲಕ್ಷಣವನ್ನು ನಿರ್ದೇಶಿಸಿದೆ. ಬಯಲುನಾಡಿನಲ್ಲಿ ಗರಿಷ್ಠ ಉಷ್ಣತೆ 40 ಡಿಗ್ರಿ ಮುಟ್ಟಿದ ಮೇಲಷ್ಟೇ ಬಿಸಿಗಾಳಿಯ ವಿಚಾರ ಏಳುತ್ತದೆ. ಕರಾವಳಿಗೆ ಆ ಗಡಿ 37 ಡಿಗ್ರಿ. ಜೊತೆಗೆ ಅದು ವಾಡಿಕೆಗಿಂತ 4.5 ಡಿಗ್ರಿಯಾದರೂ ಹೆಚ್ಚಿರಬೇಕು. 2025ರ ಫೆಬ್ರವರಿಯ ಕೊನೆಯ ವಾರದಲ್ಲಿ, ಚಳಿಗಾಲದ ಲೆಕ್ಕ ಇನ್ನೂ ಮುಗಿಯದಿರುವಾಗಲೇ, ಕೊಂಕಣ, ಗೋವೆ ಮತ್ತು ಕರಾವಳಿ ಕರ್ನಾಟಕಗಳಿಗೆ ಇಲಾಖೆಯು ಬಿಸಿಗಾಳಿಯ ಎಚ್ಚರಿಕೆ ನೀಡಿತು. 1901ರಿಂದ ಇರುವ ದಾಖಲೆಗಳಲ್ಲಿ ದೇಶಕ್ಕೆ ಅತ್ಯಂತ ಬೆಚ್ಚನೆಯ ಫೆಬ್ರವರಿ ಅದೇ ಆಯಿತು. ಶಿವರಾತ್ರಿ ಕಳೆದ ಮೇಲೆ ಬೇಸಗೆ ಎಂಬ ಹಳೆಯ ಎಣಿಕೆಯನ್ನು ಇನ್ನು ನೆಚ್ಚುವಂತಿಲ್ಲ.

ಬೇಗೆಯು ದೇಹವನ್ನು ಬಾಧಿಸುವ ಕ್ರಮವನ್ನು ವಿದ್ಯಾರ್ಥಿಗಳು ಚೆನ್ನಾಗಿ ಅರಿಯತಕ್ಕದ್ದು. ಮನುಷ್ಯದೇಹದ ಒಳಗಿನ ಉಷ್ಣತೆ ಸುಮಾರು 37 ಡಿಗ್ರಿ. ಹೊರಗಿನ ಗಾಳಿಯು ಚರ್ಮಕ್ಕಿಂತ ಬಿಸಿಯಾದಾಗ ಒಳಗಿನ ಕಾವನ್ನು ಕಳೆಯಲು ದೇಹಕ್ಕಿರುವ ಉಪಾಯ ಬೆವರೊಂದೇ. ಬೆವರು ಸುರಿದರೆ ಸಾಲದು, ಆರಬೇಕು. ಒಂದು ಲೀಟರು ಬೆವರು ಮೈಮೇಲೆಯೇ ಆರಿದರೆ ಸುಮಾರು 580 ಕಿಲೋ ಕ್ಯಾಲೊರಿಯಷ್ಟು ಶಾಖವನ್ನು ಒಯ್ಯುತ್ತದೆ. ಹನಿಯಾಗಿ ನೆಲಕ್ಕೆ ಬಿದ್ದ ಬೆವರು ಏನನ್ನೂ ಒಯ್ಯುವುದಿಲ್ಲ. ತೇವ ತುಂಬಿದ ಗಾಳಿಯಲ್ಲಿ ಬೆವರು ಆರದು. ಆದಕಾರಣವೇ ಮಾಜಾಳಿಯ 37 ಡಿಗ್ರಿಯನ್ನು ರಾಯಚೂರಿನ 37 ಡಿಗ್ರಿಯೆಂದು ಎಣಿಸಲಾಗದು. ಒದ್ದೆ ಬಟ್ಟೆ ಸುತ್ತಿದ ಉಷ್ಣಮಾಪಕವು 35 ಡಿಗ್ರಿ ತೋರಿಸುವಂತಾದರೆ, ನೆರಳಿನಲ್ಲಿ ಸುಮ್ಮನೆ ಕುಳಿತ ಆರೋಗ್ಯವಂತನೂ ಕೆಲವು ಗಂಟೆಗಳಿಗಿಂತ ಹೆಚ್ಚು ತಾಳಲಾರ. ದುಡಿಯುವವನಿಗೆ ಅಪಾಯವು ಅದಕ್ಕಿಂತ ಬಹಳ ಕೆಳಗೇ ಆರಂಭವಾಗುತ್ತದೆ.

ತಾಪಬಾಧೆಯಲ್ಲಿ ಎರಡು ಘಟ್ಟಗಳನ್ನು ಗುರುತಿಸಬೇಕು. ಮೊದಲನೆಯದು ಬಳಲಿಕೆ: ತಲೆನೋವು, ತಲೆಸುತ್ತು, ವಾಕರಿಕೆ, ಕಾಲಿನ ಸೆಳೆತ, ಬಣ್ಣಗಟ್ಟಿದ ಅಲ್ಪ ಮೂತ್ರ. ನೆರಳು, ವಿಶ್ರಾಂತಿ, ನೀರು ಇವುಗಳಿಂದ ಇದು ಶಮನವಾಗುತ್ತದೆ. ಎರಡನೆಯದು ಉಷ್ಣಾಘಾತ: ಒಳಗಿನ ಉಷ್ಣತೆ 40 ಡಿಗ್ರಿ ಮೀರಿ ಬುದ್ಧಿ ತಪ್ಪುತ್ತದೆ. ಮಾತು ತೊದಲುವುದು, ಗುರುತು ಸಿಗದಿರುವುದು, ಮೂರ್ಛೆ ಹೋಗುವುದು ಇದರ ಚಿಹ್ನೆಗಳು. ಬೆವರು ನಿಂತರೆ ಮಾತ್ರ ಉಷ್ಣಾಘಾತವೆಂಬ ತಿಳುವಳಿಕೆ ತಪ್ಪು. ದುಡಿಯುತ್ತ ಕುಸಿದವನ ಮೈ ಬೆವರಿನಿಂದ ತೊಯ್ದೇ ಇರಬಹುದು. ಬುದ್ಧಿಯ ಕದಡಿಕೆಯೇ ನಿರ್ಣಾಯಕ ಲಕ್ಷಣ.

ಅಂಥವನು ಕಂಡಾಗ 108 ಸಂಖ್ಯೆಗೆ ಕರೆ ಹೋಗಬೇಕು. ಆದರೆ ವಾಹನ ಬರುವವರೆಗೆ ಕೈಕಟ್ಟಿ ನಿಲ್ಲತಕ್ಕದ್ದಲ್ಲ. ಅವನನ್ನು ನೆರಳಿಗೆ ತಂದು, ಬಟ್ಟೆ ಸಡಿಲಿಸಿ, ಮೈತುಂಬ ನೀರು ಸುರಿದು ಬಲವಾಗಿ ಗಾಳಿ ಹಾಕಬೇಕು. ಮಂಜುಗಡ್ಡೆ ದೊರೆತರೆ ಬಟ್ಟೆಯಲ್ಲಿ ಸುತ್ತಿ ಕತ್ತು, ಕಂಕುಳು, ತೊಡೆಸಂದುಗಳಲ್ಲಿ ಇರಿಸಬೇಕು. ಮೀನುಗಾರರ ಊರಿನಲ್ಲಿ ಮಂಜುಗಡ್ಡೆಗೆ ಬರವಿಲ್ಲ. ಮೀನನ್ನು ಕಾಯುವ ಮಂಜು ಮನುಷ್ಯನನ್ನೂ ಕಾಯಬಲ್ಲುದೆಂಬುದು ನೆನಪಿರಬೇಕಷ್ಟೆ. ಎಚ್ಚರವಿಲ್ಲದವನ ಬಾಯಿಗೆ ನೀರು ಹಾಕಬಾರದು. ಅದು ಶ್ವಾಸನಾಳಕ್ಕೆ ಇಳಿದೀತು. ಜ್ವರದ ಗುಳಿಗೆಯಿಂದ ಈ ತಾಪ ಇಳಿಯುವುದಿಲ್ಲ.

ಅಪಾಯ ಬಾರದಂತೆ ನೋಡಿಕೊಳ್ಳುವುದು ಇನ್ನೂ ಲೇಸು. ಗ್ರೀಷ್ಮಚರ್ಯೆಯನ್ನು ಹೇಳುವಾಗ ವಾಗ್ಭಟನು ತನ್ನ ಅಷ್ಟಾಂಗಹೃದಯದಲ್ಲಿ ಉಪ್ಪು, ಖಾರ, ಹುಳಿಗಳನ್ನೂ ವ್ಯಾಯಾಮವನ್ನೂ ಬಿಸಿಲನ್ನೂ ಬಿಡಬೇಕೆಂದು ವಿಧಿಸಿ, ಲಘುವೂ ಶೀತವೂ ದ್ರವವೂ ಆದ ಆಹಾರವನ್ನು ಹೇಳಿದ್ದಾನೆ. ಇಲ್ಲಿ ಒಂದು ಸೂಕ್ಷ್ಮವುಂಟು. ಉಪ್ಪು ಬಿಡೆಂದ ವಾಕ್ಯವೇ ಬಿಸಿಲನ್ನೂ ಶ್ರಮವನ್ನೂ ಬಿಡೆಂದಿದೆ. ಬಿಸಿಲನ್ನು ಬಿಡಲಾಗದವರ ಗತಿಯೇನು? ಮರಳಿನ ಮೇಲೆ ಮೀನು ಒಣಗಿಸುವ ಹೆಂಗಸರು, ಬಲೆ ಎಳೆಯುವವರು, ಅಂಕೋಲೆಯ ಗದ್ದೆಗಳಲ್ಲಿ ದುಡಿಯುವ ಹಾಲಕ್ಕಿ ಒಕ್ಕಲಿಗರು ದಿನವಿಡೀ ಬೆವರಿನೊಡನೆ ಉಪ್ಪನ್ನೂ ಕಳೆದುಕೊಳ್ಳುತ್ತಾರೆ. ಅವರಿಗೆ ಬರಿಯ ನೀರು ಸಾಲದು. ಉಪ್ಪು ಬೆರೆತ ಗಂಜಿ, ಮಜ್ಜಿಗೆ, ಅಪ್ಪೆಹುಳಿ, ಮುರುಗಲು ಹಣ್ಣಿನ ಪಾನಕ ಇವು ಈ ನೆಲದ ಹಿರಿಯರು ಅನುಭವದಿಂದ ಕಂಡುಕೊಂಡ ಪರಿಹಾರಗಳು. ಒಂದು ಲೀಟರು ಶುದ್ಧ ನೀರಿಗೆ ಆರು ಸಮಚಮಚ ಸಕ್ಕರೆ, ಅರ್ಧ ಸಮಚಮಚ ಉಪ್ಪು ಬೆರೆಸಿದರೂ ಆಯಿತು; ಚಮಚವು ಚಹದ ಚಮಚವಾಗಿರಬೇಕು. ರಕ್ತದೊತ್ತಡ, ಮೂತ್ರಪಿಂಡದ ಬೇನೆಯುಳ್ಳವರು ಮಾತ್ರ ವೈದ್ಯರನ್ನು ಕೇಳಿಯೇ ಉಪ್ಪನ್ನು ಹೆಚ್ಚಿಸಬೇಕು.

ಬಾಯಾರುವ ಮೊದಲೇ ಕುಡಿಯುವುದು, ಹನ್ನೆರಡರಿಂದ ಮೂರರವರೆಗೆ ಬಿಸಿಲಿನ ಕೆಲಸವನ್ನೂ ಆಟವನ್ನೂ ನಿಲ್ಲಿಸುವುದು, ತಲೆಗೆ ಬಟ್ಟೆ, ಮೈಗೆ ಸಡಿಲವಾದ ಹತ್ತಿಯ ಉಡುಪು, ಮದ್ಯವರ್ಜನ ಇವು ನಿತ್ಯನಿಯಮಗಳು. ದೇಹವು ಬೇಗೆಗೆ ಒಗ್ಗಲು ಒಂದೆರಡು ವಾರ ಬೇಕು. ಆದುದರಿಂದ ಋತುವಿನ ಮೊದಲ ಬಿಸಿಗಾಳಿಯೇ ಹೆಚ್ಚು ಕ್ರೂರ. ಶಿಶುಗಳು, ಗರ್ಭಿಣಿಯರು, ತಗಡಿನ ಮಾಡಿನ ಕೆಳಗೆ ಒಬ್ಬಂಟಿಯಾಗಿರುವ ವೃದ್ಧರು ಇವರನ್ನು ದಿನಕ್ಕೆರಡು ಬಾರಿಯಾದರೂ ವಿಚಾರಿಸುವುದು ನೆರೆಯವರ ಧರ್ಮ.

ಇದು ಒಬ್ಬೊಬ್ಬರ ಎಚ್ಚರದಿಂದಲೇ ಆಗತಕ್ಕ ಕಾರ್ಯವೂ ಅಲ್ಲ. 2010ರ ಮೇ ತಿಂಗಳಲ್ಲಿ ಅಹಮದಾಬಾದು ನಗರದಲ್ಲಿ ವಾಡಿಕೆಗಿಂತ 1,344 ಸಾವುಗಳು ಹೆಚ್ಚಾಗಿ ಸಂಭವಿಸಿದವೆಂದು ಅಧ್ಯಯನವು ತೋರಿಸಿತು. ಆ ನಗರವು 2013ರಲ್ಲಿ ಮುನ್ಸೂಚನೆ, ಆಸ್ಪತ್ರೆಗಳ ಸಿದ್ಧತೆ, ಕುಡಿಯುವ ನೀರಿನ ಏರ್ಪಾಡುಗಳನ್ನೊಳಗೊಂಡ ಯೋಜನೆಯನ್ನು ರೂಪಿಸಿ ದೇಶಕ್ಕೆ ಮಾರ್ಗದರ್ಶಿಯಾಯಿತು.

ಕನ್ನಡನಾಡಿಗೆ ಈ ಭಾವನೆ ಹೊಸದಲ್ಲ. ದಾರಿಹೋಕರಿಗೆ ನೀರೆರೆಯುವ ಅರವಟ್ಟಿಗೆಗಳ ಉಲ್ಲೇಖ ನಮ್ಮ ಶಾಸನಗಳಲ್ಲಿ ದೊರೆಯುತ್ತದೆ. ‘ಅಱ’ ಎಂದರೆ ಧರ್ಮ. ನೀರಿನ ಚಪ್ಪರಕ್ಕೆ ಪೂರ್ವಿಕರು ಇಟ್ಟ ಹೆಸರಿನಲ್ಲೇ ಧರ್ಮವಿದೆ. ಶಾಲೆಯ ಮಕ್ಕಳು ಫೆಬ್ರವರಿ ಮುಗಿಯುವುದರೊಳಗೆ ಊರಿನ ಬಸ್ಸುನಿಲ್ದಾಣದಲ್ಲೊಂದು, ಮೀನು ಒಣಗಿಸುವ ತಡಿಯಲ್ಲೊಂದು ಮಣ್ಣಿನ ಕೊಡವನ್ನಿಟ್ಟು ದಿನವೂ ತುಂಬಿಸುವುದಾದರೆ, ಈ ಪಾಠವನ್ನು ಓದಿದ್ದು ಸಾರ್ಥಕವಾಗುತ್ತದೆ.