ಅತ್ತೆಯ ಮಗ, ಅಕ್ಕನ ಮಗಳು: ಸೋದರ ಸಂಬಂಧದ ಮದುವೆಯೂ ಮನಸ್ಸೂ

ಮಾಲೂರು ತಾಲ್ಲೂಕಿನ ಶಿವಾರಪಟ್ಟಣವು ಶಿಲ್ಪಿಗಳ ಊರು. ಬೀದಿಯಲ್ಲಿ ನಡೆದರೆ ಕಲ್ಲಿನ ಮೇಲೆ ಉಳಿ ಆಡುವ ಸದ್ದು ಕಿವಿಗೆ ಬೀಳುತ್ತದೆ. ತಂದೆಯ ಪಕ್ಕದಲ್ಲಿ ಕುಳಿತು ಮಗನು ಕೈ ಪಳಗಿಸಿಕೊಳ್ಳುವುದೇ ಇಲ್ಲಿಯ ಹಳೆಯ ಪಾಠಕ್ರಮ. ಕುಲಕಸುಬಿನ ಇಂತಹ ಊರುಗಳಲ್ಲಿ ಸೊಸೆಯನ್ನು ತರುವಾಗ ಹಿರಿಯರು ಮೊದಲು ಕೇಳುತ್ತಿದ್ದ ಪ್ರಶ್ನೆ, "ಅವರು ನಮಗೆ ಏನಾಗಬೇಕು?" ಎಂಬುದು. ಕನ್ನಡ, ತೆಲುಗು, ತಮಿಳು ಮೂರೂ ಕೂಡುವ ಕೋಲಾರದ ಸೀಮೆಯಲ್ಲಿ ಮೂರು ಭಾಷೆಯ ಮನೆಗಳಲ್ಲಿಯೂ ಈ ಪ್ರಶ್ನೆ ಒಂದೇ. ಅದರ ಹಿಂದೆ ಇರುವ ಮನಶ್ಶಾಸ್ತ್ರವನ್ನೂ, ಆ ಪ್ರಶ್ನೆಯ ಬಲ ಏತಕ್ಕೆ ಕುಗ್ಗುತ್ತಿದೆ ಎಂಬುದನ್ನೂ ನಾವಿಲ್ಲಿ ವಿಚಾರಿಸೋಣ.

ಮೊದಲು ನಮ್ಮ ಭಾಷೆಯನ್ನೇ ನೋಡಬಹುದು. ತಂದೆಯ ಸೋದರಿಯು ಅತ್ತೆ. ಗಂಡನ ತಾಯಿಯೂ ಅತ್ತೆ. ತಾಯಿಯ ಸೋದರನು ಮಾವ. ಗಂಡನ ತಂದೆಯೂ ಮಾವ. ಸೋದರಿಯ ಮಗನೂ ಅಳಿಯ, ಮಗಳ ಗಂಡನೂ ಅಳಿಯ. ಆದರೆ ಚಿಕ್ಕಪ್ಪ ದೊಡ್ಡಪ್ಪಂದಿರ ಮಕ್ಕಳೂ, ಚಿಕ್ಕಮ್ಮ ದೊಡ್ಡಮ್ಮಂದಿರ ಮಕ್ಕಳೂ ಅಣ್ಣತಮ್ಮಂದಿರು, ಅಕ್ಕತಂಗಿಯರು. ಅವರೊಡನೆ ಮದುವೆಯ ಮಾತೇ ಇಲ್ಲ. ಯಾರನ್ನು ವರಿಸಬಹುದು, ಯಾರನ್ನು ಕೂಡದು ಎಂಬ ಪಟ್ಟಿಯನ್ನು ಮಗುವು ಮಾತು ಕಲಿಯುವಾಗಲೇ ಕಲಿತುಬಿಡುತ್ತದೆ. ಈ ಪದ್ಧತಿ ಬಹು ಪುರಾತನವಾದುದು. ಅತ್ತೆಯ ಮಗಳನ್ನೂ ಸೋದರಮಾವನ ಮಗಳನ್ನೂ ಮದುವೆಯಾಗುವುದು ದಕ್ಷಿಣದವರ ಆಚಾರವೆಂದು ಬೌಧಾಯನ ಧರ್ಮಸೂತ್ರವು ಹೇಳುತ್ತದೆ. 1871ರಲ್ಲಿ ಅಮೆರಿಕದ ಲೂಯಿಸ್ ಹೆನ್ರಿ ಮಾರ್ಗನ್ ಲೋಕದ ನಾನಾ ಭಾಷೆಗಳ ನಂಟಿನ ಪದಗಳನ್ನು ಕೋಷ್ಟಕವಾಗಿ ಪ್ರಕಟಿಸಿದಾಗ ತಮಿಳು ತೆಲುಗುಗಳೊಡನೆ ಕನ್ನಡವೂ ಅದರಲ್ಲಿ ಸೇರಿತ್ತು. ನಮ್ಮವರೇ ಆದ ಎಂ. ಎನ್. ಶ್ರೀನಿವಾಸರು ಮೈಸೂರಿನ ಮದುವೆ ಮತ್ತು ಕುಟುಂಬಗಳ ವಿಷಯವಾಗಿ ತಮ್ಮ ಮೊದಲ ಗ್ರಂಥವನ್ನು 1942ರಲ್ಲಿ ಹೊರತಂದರು.

ಇಲ್ಲಿ ಮನಶ್ಶಾಸ್ತ್ರಜ್ಞರನ್ನು ಕಾಡಿದ ಒಂದು ತೊಡಕುಂಟು. 1891ರಲ್ಲಿ ಎಡ್ವರ್ಡ್ ವೆಸ್ಟರ್‌ಮಾರ್ಕ್ ಎಂಬ ವಿದ್ವಾಂಸರು, ಎಳವೆಯಿಂದ ಒಂದೇ ಸೂರಿನಡಿ ಬೆಳೆದವರಲ್ಲಿ ಪರಸ್ಪರ ಪ್ರಣಯಾಕರ್ಷಣೆ ಹುಟ್ಟುವುದಿಲ್ಲ ಎಂದು ವಾದಿಸಿದರು. ಇಸ್ರೇಲಿನ ಕಿಬ್ಬುತ್ಸ್ ಎಂಬ ಸಾಮೂಹಿಕ ಗ್ರಾಮಗಳಲ್ಲಿ ನೆಂಟರಲ್ಲದ ಮಕ್ಕಳನ್ನೂ ಒಟ್ಟಿಗೆ ಬೆಳೆಸುತ್ತಿದ್ದರು. ಜೋಸೆಫ್ ಶೆಫರ್ 1971ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅಲ್ಲಿ ಬೆಳೆದವರ ಎರಡು ಸಾವಿರಕ್ಕೂ ಮೀರಿದ ಮದುವೆಗಳ ಪೈಕಿ ಒಂದೇ ಗುಂಪಿನಲ್ಲಿ ಬೆಳೆದವರ ನಡುವೆ ನಡೆದವು ಹದಿನೈದನ್ನೂ ಮುಟ್ಟಲಿಲ್ಲ. ಹಾಗಾದರೆ ಅತ್ತೆಯ ಮಗನೊಡನೆ ಮದುವೆ ಹೇಗೆ ಸಾಧ್ಯವಾಯಿತು? ಒಂದು ಉತ್ತರ ನಮ್ಮ ಮನೆಯ ರಚನೆಯಲ್ಲಿಯೇ ಇದೆ. ಮದುವೆಯಾದ ಹೆಣ್ಣು ಬೇರೆ ಊರಿಗೆ ಹೋಗುತ್ತಾಳೆ. ಆದಕಾರಣ ಅತ್ತೆಯ ಮಕ್ಕಳು ಹಬ್ಬಕ್ಕೂ ಬೇಸಗೆಯ ರಜೆಗೂ ಬಂದು ಹೋಗುವವರು. ಅವರು ಪರಕೀಯರೂ ಅಲ್ಲ, ಒಂದೇ ತಟ್ಟೆಯಲ್ಲಿ ಉಂಡು ಬೆಳೆದವರೂ ಅಲ್ಲ. ಅವಿಭಕ್ತ ಕುಟುಂಬದಲ್ಲಿ ಜೊತೆಗೇ ಬೆಳೆಯುವವರು ಚಿಕ್ಕಪ್ಪನ ಮಕ್ಕಳು. ಈ ವಿವರಣೆ ಅಂದವಾಗಿದೆಯಾದರೂ ಪೂರ್ಣವಲ್ಲ; ಚಿಕ್ಕಮ್ಮನ ಮಕ್ಕಳೂ ಬೇರೆ ಊರಿನಲ್ಲಿಯೇ ಇರುವರು, ಆದರೂ ಅವರು ಅಣ್ಣತಂಗಿಯರೇ. ಸಹಜ ಪ್ರವೃತ್ತಿಯೊಂದೇ ಎಲ್ಲವನ್ನೂ ನಿರ್ಣಯಿಸದು, ಹೆಸರಿಗೂ ಬಲವುಂಟು ಎಂದು ನಮ್ಮ ಅಭಿಪ್ರಾಯ.

ಪರಿಚಯವು ಒಲವನ್ನು ಹುಟ್ಟಿಸುತ್ತದೆಂಬುದಕ್ಕೂ ಪ್ರಯೋಗದ ಆಧಾರವಿದೆ. ಪದೇ ಪದೇ ಕಂಡ ವಸ್ತುವು ಆ ಕಾರಣದಿಂದಲೇ ಹೆಚ್ಚು ಪ್ರಿಯವಾಗುವುದನ್ನು ರಾಬರ್ಟ್ ಜಾಯೊಂಕ್ 1968ರಲ್ಲಿ ತೋರಿಸಿದರು. ನಂಟಿನೊಳಗಿನ ಮದುವೆಯನ್ನು ಹಿರಿಯರು ಮೆಚ್ಚುತ್ತಿದ್ದುದರ ಅರ್ಧ ಕಾರಣ ಇದೇ: ಹುಡುಗಿಗೆ ಅಡಿಗೆಮನೆಯ ಮೂಲೆಮೂಲೆಯೂ ಗೊತ್ತು, ಸಾರಿನ ರುಚಿ ಗೊತ್ತು, ಅತ್ತೆಯ ಮುಂಗೋಪವೂ ಗೊತ್ತು. ಸೋದರಮಾವನನ್ನೇ ಮದುವೆಯಾದರಂತೂ ಅವಳ ಅತ್ತೆ ಸ್ವಂತ ಅಜ್ಜಿಯೇ. ಹೊಲ ಒಡೆಯದು, ಕಸುಬಿನ ಗುಟ್ಟು ಹೊರಗೆ ಹೋಗದು ಎಂಬುದು ಉಳಿದರ್ಧ.

ಆದರೆ ಪರಿಚಯವೇ ದಾಂಪತ್ಯದ ಆತ್ಮೀಯತೆಯಲ್ಲ. ಮಗುವಾಗಿ ತೊಡೆಯ ಮೇಲೆ ಕುಳಿತು ಕಥೆ ಕೇಳಿದ ಮಾವನ ಪರಿಚಯವು ಹಿರಿಯನೊಬ್ಬನ ಪರಿಚಯ. ಅಲ್ಲಿ ಅವನು ಹೇಳುವವನು, ಇವಳು ಕೇಳುವವಳು. ತೊಟ್ಟಿಲಲ್ಲಿರುವಾಗಲೇ "ಇವಳು ನಿನ್ನ ಹೆಂಡತಿ ಕಣೋ" ಎಂದು ಆಡಿಸುವ ಮಾತು ಕೇಳುವವರಿಗೆ ತಮಾಷೆ. ಅದನ್ನು ಕೇಳುತ್ತಲೇ ಬೆಳೆದ ಹುಡುಗಿಗೆ ಹದಿನೆಂಟು ತುಂಬಿದಾಗ "ಬೇಡ" ಎನ್ನಲು ಬಾಯಿ ಬರುವುದು ಕಷ್ಟ. ಅವಳ "ಬೇಡ" ಒಬ್ಬ ವರನಿಗೆ ಮಾತ್ರ ತಾಗುವುದಿಲ್ಲ. ತಾಯಿಗೂ ತಾಯಿಯ ತವರಿಗೂ ತಾಗುತ್ತದೆ. ಮದುವೆಯ ತರುವಾಯ ಜಗಳವಾದರೆ ಇನ್ನೂ ಇಕ್ಕಟ್ಟು. ಗಂಡನ ಮೇಲಿನ ದೂರು ತಾಯಿಯ ತಮ್ಮನ ಮೇಲಿನ ದೂರಾಗುತ್ತದೆ. ಅಕ್ಕರೆಯಿಂದ ಕಟ್ಟಿದ ಗೋಡೆಯೇ ಆಗ ಬಾಗಿಲನ್ನು ಮುಚ್ಚುತ್ತದೆ. ಇದೇ ವಾಚಕರಲ್ಲಿ ಕೆಲವರ ಮನೆಯಲ್ಲಿ ಇಂತಹ ಮಾತು ನಡೆದಿರಲೂಬಹುದಾದುದರಿಂದ ನಾವಿದನ್ನು ವಿಸ್ತರಿಸಿ ಹೇಳಿದ್ದೇವೆ.

ಅನುವಂಶೀಯತೆಯ ಲೆಕ್ಕವನ್ನೂ ನೋಡತಕ್ಕದ್ದು. ಒಂದು ರೋಗದ ಅಪ್ರಬಲ ಜೀನು ಜನಸಮುದಾಯದಲ್ಲಿ ನೂರಕ್ಕೆ ಒಂದರಂತೆ ಇದೆಯೆನ್ನೋಣ. ನಂಟಿಲ್ಲದ ದಂಪತಿಗಳ ಮಗುವಿಗೆ ತಂದೆತಾಯಿಗಳಿಬ್ಬರಿಂದಲೂ ಅದು ಬಂದು ರೋಗ ತಗಲುವ ಸಂಭವ 10,000ಕ್ಕೆ 1. ಅತ್ತೆಯ ಮಗ, ಮಾವನ ಮಗಳು ಮದುವೆಯಾದರೆ ಒಂದೇ ಪೂರ್ವಜನ ಜೀನು ಎರಡು ದಾರಿಯಿಂದ ಬಂದು ಮಗುವಿನಲ್ಲಿ ಕೂಡುವ ಸಂಭವ 16ಕ್ಕೆ 1. ಸೋದರಮಾವನೊಡನೆ ಆದರೆ 8ಕ್ಕೆ 1. ಇದನ್ನು ಸೇರಿಸಿ ಗುಣಿಸಿದರೆ ಮೊದಲಿನದರಲ್ಲಿ ರೋಗದ ಸಂಭವ ಸುಮಾರು 1,400ಕ್ಕೆ 1, ಎರಡನೆಯದರಲ್ಲಿ ಸುಮಾರು 750ಕ್ಕೆ 1 ಆಗುತ್ತದೆ. ಅಂದರೆ ಅಪಾಯ ಹೆಚ್ಚುವುದು ನಿಜ. ಹಾಗಿದ್ದರೂ ಅಂತಹ ದಂಪತಿಗಳ ಮಕ್ಕಳಲ್ಲಿ ಬಹುಪಾಲು ಆರೋಗ್ಯವಂತರೇ. ಮನೆತನದಲ್ಲಿ ಹುಟ್ಟುಕಿವುಡು ಮುಂತಾದುವು ಮೊದಲೇ ಕಾಣಿಸಿಕೊಂಡಿದ್ದರೆ ವೈದ್ಯರ ಸಲಹೆ ಪಡೆಯುವುದು ಅವಶ್ಯ. ಆಗಿಹೋದ ಮದುವೆಯವರನ್ನು ಹಳಿಯುವುದರಿಂದ ಯಾರಿಗೂ ಉಪಯೋಗವಿಲ್ಲ.

ಈಗ ಬದಲಾವಣೆಯ ವಿಷಯ. 1980ರ ದಶಕದಲ್ಲಿ ಕರ್ನಾಟಕದ ಆಸ್ಪತ್ರೆಗಳಲ್ಲಿ ನಡೆದ ಸಮೀಕ್ಷೆಗಳು ಸುಮಾರು ಮೂರರಲ್ಲೊಂದು ಮದುವೆ ನಂಟಿನೊಳಗೆ ನಡೆದಿತ್ತೆಂದು ತೋರಿಸಿದವು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಅದು ನಾಲ್ಕರಲ್ಲೊಂದಕ್ಕಿಂತ ತುಸು ಹೆಚ್ಚು. ವಿದ್ಯೆ, ಪಟ್ಟಣದ ಉದ್ಯೋಗ ಇವೆಲ್ಲ ಕಾರಣಗಳೇ. ಆದರೆ ಸದ್ದಿಲ್ಲದೆ ಕೆಲಸ ಮಾಡುವ ಇನ್ನೊಂದು ಕಾರಣ ಬರಿಯ ಗಣಿತ. ಪ್ರತಿ ದಂಪತಿಗಳಿಗೂ ಮೂವರು ಗಂಡು, ಮೂವರು ಹೆಣ್ಣು ಮಕ್ಕಳೆನ್ನೋಣ. ಒಬ್ಬ ಹುಡುಗಿಗೆ ಮೂವರು ಸೋದರತ್ತೆಯರು, ಮೂವರು ಸೋದರಮಾವಂದಿರು. ಒಬ್ಬೊಬ್ಬರಿಗೆ ಮೂವರು ಗಂಡುಮಕ್ಕಳು. ಒಟ್ಟು ಹದಿನೆಂಟು ವರಗಳು! ಒಂದು ಗಂಡು, ಒಂದು ಹೆಣ್ಣು ಎಂಬ ಇಂದಿನ ಸಂಸಾರದಲ್ಲಿ ಲೆಕ್ಕ ಎರಡಕ್ಕೆ ಇಳಿಯುತ್ತದೆ. ಅವರಲ್ಲೊಬ್ಬನು ಅವಳಿಗಿಂತ ಕಿರಿಯನೇ ಆಗಿರಬಹುದು.

ಸೋದರಮಾವನ ಮದುವೆಯ ಲೆಕ್ಕ ಇನ್ನೂ ಸ್ವಾರಸ್ಯಕರ. ಹದಿನೇಳಕ್ಕೆ ಮೊದಲ ಮಗಳನ್ನು ಹೆತ್ತ ತಾಯಿಗೆ ಮೂವತ್ತಕ್ಕೆ ಒಬ್ಬ ಮಗ ಹುಟ್ಟುತ್ತಾನೆ. ಆ ಮಗಳೂ ಹದಿನೇಳಕ್ಕೆ ಹೆತ್ತರೆ ಮೊಮ್ಮಗಳು ಹುಟ್ಟುವಾಗ ಮಾವನಿಗೆ ನಾಲ್ಕೇ ವರ್ಷ. ಇಂದು ಇಪ್ಪತ್ತೊಂದಕ್ಕೆ ಮಗಳು, ಇಪ್ಪತ್ತನಾಲ್ಕಕ್ಕೆ ಮಗ, ಅಲ್ಲಿಗೆ ಮುಗಿಯಿತು. ಮಗಳು ಇಪ್ಪತ್ತೊಂದಕ್ಕೇ ಹೆತ್ತರೂ ಮಾವನಿಗೂ ಸೊಸೆಗೂ ಹದಿನೆಂಟು ವರ್ಷದ ಅಂತರ. ಮೈಸೂರು ಸಂಸ್ಥಾನದ 1894ರ ಕಾಯಿದೆ ಎಂಟು ತುಂಬದ ಹೆಣ್ಣುಮಕ್ಕಳ ಮದುವೆಯನ್ನು ತಡೆದಿತ್ತು. 1929ರ ಕಾಯಿದೆಯು ಹದಿನಾಲ್ಕೆಂದಿತು. 1978ರ ತಿದ್ದುಪಡಿ ಹದಿನೆಂಟಕ್ಕೆ ಏರಿಸಿತು. 1955ರ ಹಿಂದೂ ವಿವಾಹ ಕಾಯಿದೆಯಾದರೋ ಸೋದರ ಸಂಬಂಧವನ್ನು ನಿಷಿದ್ಧ ಪಟ್ಟಿಯಲ್ಲಿ ಸೇರಿಸಿ, ರೂಢಿ ಇದ್ದಲ್ಲಿ ಬಿಟ್ಟುಕೊಟ್ಟಿತು. ರೂಢಿಗೆ ವಿನಾಯಿತಿ ಕೊಟ್ಟ ಕಾಯಿದೆಗಿಂತ ವಯಸ್ಸನ್ನು ಏರಿಸಿದ ಕಾಯಿದೆಯೇ ಈ ರೂಢಿಯನ್ನು ಹೆಚ್ಚು ಸಡಿಲಿಸಿತೆಂದು ನಮಗೆ ತೋರುತ್ತದೆ.

ನಂಟಿನ ಹೊರಗೆ ಮದುವೆಯಾಗುವವರು ಅಜ್ಜಿಯ ಬಾಯಿಂದ ತಿಳಿಯುತ್ತಿದ್ದುದನ್ನೆಲ್ಲ ಒಬ್ಬರನ್ನೊಬ್ಬರು ಕೇಳಿಯೇ ತಿಳಿಯಬೇಕು. ಇದು ಹೇಗೆ ಫಲಿಸುತ್ತದೆ? 1982ರಲ್ಲಿ ಗುಪ್ತಾ ಮತ್ತು ಸಿಂಗ್ ಎಂಬವರು ಜೈಪುರದ ಐವತ್ತು ದಂಪತಿಗಳನ್ನು ಪ್ರಶ್ನಿಸಿದರು. ತಾವೇ ಒಲಿದು ಮದುವೆಯಾದವರಲ್ಲಿ ಮೊದಲು ಹೆಚ್ಚಾಗಿದ್ದ ಪ್ರೀತಿಯ ಅಂಕ ಐದು ವರ್ಷ ಕಳೆದವರಲ್ಲಿ ಕಡಿಮೆ ಇತ್ತು. ಹಿರಿಯರು ಕೂಡಿಸಿದವರಲ್ಲಿ ಅದು ಮೇಲಕ್ಕೇರಿತ್ತು. ಈ ಫಲಿತಾಂಶವನ್ನು ಬಹಳ ಜನ ಉತ್ಸಾಹದಿಂದ ಉದ್ಧರಿಸುತ್ತಾರೆ. ಆದರೆ ಐವತ್ತು ಎಂಬುದು ಸಣ್ಣ ಸಂಖ್ಯೆ. 2012ರಲ್ಲಿ ಪಮೇಲಾ ರೀಗನ್ ಮತ್ತು ಸಂಗಡಿಗರು ಅಮೆರಿಕದಲ್ಲಿ ನೆಲಸಿದ ಭಾರತೀಯ ಮೂಲದವರನ್ನು ಇದೇ ರೀತಿ ವಿಚಾರಿಸಿದಾಗ ಪ್ರೀತಿಯಲ್ಲಾಗಲಿ ತೃಪ್ತಿಯಲ್ಲಾಗಲಿ ಎರಡು ಬಗೆಯ ಮದುವೆಗಳಿಗೂ ವ್ಯತ್ಯಾಸವೇ ಕಾಣಲಿಲ್ಲ. ಅಲ್ಲಿ ಹಿರಿಯರು ಕೂಡಿಸಿದ ಮದುವೆಯವರೂ ಒಲಿದು ಮದುವೆಯಾದವರೂ ಸರಾಸರಿಯಲ್ಲಿ ತಮ್ಮ ಸಂಗಾತಿಯನ್ನು ಗಾಢವಾಗಿಯೇ ಪ್ರೀತಿಸುತ್ತಿರುವುದಾಗಿ ತಿಳಿಸಿದ್ದರು.