ಗ್ರ್ಯಾಂಡ್ ಕ್ಯಾನಿಯನ್‌ನಲ್ಲಿ ಒಂದು ರಾತ್ರಿ ಉಳಿಯಿರಿ

ಊರಿನಿಂದ ಬಂದ ಅಪ್ಪ-ಅಮ್ಮನಿಗೆ ಗ್ರ್ಯಾಂಡ್ ಕ್ಯಾನಿಯನ್ ತೋರಿಸುವುದು ಅಮೆರಿಕದ ಕನ್ನಡಿಗರ ಮನೆಗಳಲ್ಲಿ ವಾಡಿಕೆ. ಎಷ್ಟೋ ಮಂದಿ ಬೆಳಿಗ್ಗೆ ಲಾಸ್ ವೇಗಸ್ ಬಿಟ್ಟು, ನಾಲ್ಕೂವರೆ ಗಂಟೆ ಕಾರು ಓಡಿಸಿ, ಮೇದರ್ ಪಾಯಿಂಟ್ ಎಂಬ ವೀಕ್ಷಣಾ ಸ್ಥಳದ ಕಟಕಟೆ ಹಿಡಿದು ಫೋಟೊ ತೆಗೆಸಿಕೊಂಡು ರಾತ್ರಿಯೇ ಮರಳುತ್ತಾರೆ. ನಾವು ಕಣಿವೆಯ ದಕ್ಷಿಣ ಅಂಚಿನಲ್ಲಿ ಉಳಿದುಕೊಂಡೆವು. ಉಳಿದದ್ದರಿಂದಲೇ ಆ ಕಣಿವೆ ನಮಗೆ ದಕ್ಕಿತು ಎನ್ನುತ್ತೇನೆ.

ಉದ್ದ 446 ಕಿ.ಮೀ., ಕೆಲವೆಡೆ ಅಗಲ 29 ಕಿ.ಮೀ., ಆಳ ಒಂದೂವರೆ ಕಿ.ಮೀ.ಗೂ ಮಿಕ್ಕಿ. ನಡುಮಧ್ಯಾಹ್ನದ ಬಿಸಿಲಲ್ಲಿ ಇಷ್ಟೂ ಗೋಡೆಗೆ ಬಳಿದ ಚಿತ್ರದಂತೆ ಚಪ್ಪಟೆ. ಸಂಜೆ ಬಿಸಿಲು ಓರೆಯಾದ ಮೇಲೆ ನೆರಳು ಬಿದ್ದು, ಒಂದರ ಹಿಂದೊಂದು ಕಲ್ಲುಕೋಡುಗಳು ಬೇರೆಬೇರೆಯಾಗಿ ಎದ್ದು ನಿಲ್ಲುತ್ತವೆ.

ಅಪ್ಪನಿಗೆ ಮಂಡಿನೋವು, ಕಣಿವೆಗೆ ಇಳಿಯುವಂತಿರಲಿಲ್ಲ. ಅವರಿಗೆ ಒದಗಿ ಬಂದದ್ದು ಯಾವಪೈ ಮ್ಯೂಸಿಯಂನಿಂದ ಅಂಚಿನುದ್ದಕ್ಕೂ ಸಾಗುವ ‘ಟ್ರೇಲ್ ಆಫ್ ಟೈಮ್’. ದಾರಿಯ ಒಂದೊಂದು ಮೀಟರಿಗೂ ಹತ್ತು ಲಕ್ಷ ವರ್ಷದ ಲೆಕ್ಕ. ಕಣಿವೆಯ ಪದರಗಳಿಂದ ತಂದ ಕಲ್ಲುಗಳನ್ನು ಅವುಗಳ ವಯಸ್ಸಿಗೆ ತಕ್ಕ ಜಾಗದಲ್ಲಿ ನಿಲ್ಲಿಸಿದ್ದಾರೆ, ಮುಟ್ಟಿ ನೋಡಬಹುದು. ಸುಮಾರು 170 ಕೋಟಿ ವರ್ಷ ಹಳೆಯ ಕಪ್ಪು ವಿಷ್ಣು ಶಿಸ್ಟ್ ಶಿಲೆಯ ಮೇಲೆ ಅಪ್ಪ ಅಂಗೈ ಇಟ್ಟರು. “ಬನ್ನಿ, ಮುಂದೆ ಇನ್ನೂ ಇವೆ” ಎಂದು ಅಮ್ಮ ಕರೆದರೂ ಕದಲಲಿಲ್ಲ.

ಮರುದಿನ ನಸುಕಿನಲ್ಲೇ ನಾನೂ ಹೆಂಡತಿಯೂ ಕಣಿವೆಗಿಳಿಯುವ ಸೌತ್ ಕೈಬಾಬ್ ದಾರಿ ಹಿಡಿದೆವು. ದಾರಿ ಶುರುವಾಗುವಲ್ಲಿಗೆ ರಾಷ್ಟ್ರೀಯ ಉದ್ಯಾನದ ಉಚಿತ ಬಸ್ಸಿನಲ್ಲೇ ಹೋಗಬೇಕು. ದಾರಿಯಲ್ಲಿ ಇಳಿಯತೊಡಗಿದ ಮೇಲೆ ಎಲ್ಲೂ ನೀರು ಸಿಗದು. ಕುಮಾರ ಪರ್ವತದ ಚಾರಣದಲ್ಲಿ ಮೊದಲು ಏರು, ಮರಳುವಾಗ ಇಳಿಜಾರು. ಇಲ್ಲಿ ಅದು ತಿರುವುಮುರುವು: ಹುರುಪಿದ್ದಾಗ ಇಳಿದು, ದಣಿದ ಮೇಲೆ, ಬಿಸಿಲೇರಿದ ಮೇಲೆ ಹತ್ತಬೇಕು. ಇಳಿಯಲು ಹಿಡಿದ ಹೊತ್ತಿನ ಎರಡರಷ್ಟು ಹತ್ತಲು ಬೇಕು ಎಂಬ ರೇಂಜರ್‌ಗಳ ಮಾತನ್ನು ಕಾಲುಗಳೇ ಒಪ್ಪುತ್ತವೆ. ಬರೀ ನೀರು ಕುಡಿಯುತ್ತಾ ಹೋದರೆ ಮೈಯ ಉಪ್ಪಿನಂಶ ಕುಸಿಯುತ್ತದೆ. ಜೊತೆಗೆ ಉಪ್ಪಿನ ತಿಂಡಿ ಬೇಕೇ ಬೇಕು. ನಮಗೆ ಅಮ್ಮ ಕಟ್ಟಿಕೊಟ್ಟ ಕೋಡುಬಳೆ ಇತ್ತು. ಒಂದೂವರೆ ಕಿ.ಮೀ. ಇಳಿದು, ಊ ಆ ಪಾಯಿಂಟ್ ಎಂಬ ಬಂಡೆಯ ಮೂಗಿನ ಮೇಲೆ ಕೂತೆವು. ಮೇಲಿನಿಂದ ಗೆರೆಗಳಂತಿದ್ದ ಪದರಗಳು ಇಲ್ಲಿ ತಲೆಯೆತ್ತಿ ನೋಡಬೇಕಾದ ಗೋಡೆಗಳು.

ಅಲ್ಲಿಂದಲೇ ಮರಳಿದರೆ ಏನೂ ನಷ್ಟವಿಲ್ಲ. ಕೆಳಗೆ ಕಣಿವೆಯ ತಳದ ನದಿ ದಡದಲ್ಲಿ ಅಂಚಿಗಿಂತ 10 ಡಿಗ್ರಿ ಸೆಲ್ಸಿಯಸ್‌ಗೂ ಹೆಚ್ಚು ಸೆಕೆ. ಅಲ್ಲಿಯವರೆಗೆ ಹೋಗಿ ಅದೇ ದಿನ ಹತ್ತಿ ಬರುವ ಸಾಹಸಕ್ಕೆ ದಯವಿಟ್ಟು ಇಳಿಯಬೇಡಿ. ಉದ್ಯಾನದೊಳಗಿನ ವಸತಿ ತಿಂಗಳುಗಳ ಮೊದಲೇ ಭರ್ತಿಯಾಗುತ್ತದೆ, ಬೇಗ ಕಾಯ್ದಿರಿಸಿ. ಸಿಗದಿದ್ದರೆ ದಕ್ಷಿಣ ಪ್ರವೇಶದ್ವಾರದ ಹತ್ತಿರದ ಟುಸಾಯನ್‌ನಲ್ಲಾದರೂ ಒಂದು ರಾತ್ರಿ ತಂಗಿ.