ದಂಪತಿಗಳ ಪಾಠ: ಇಬ್ಬರೂ ಕೂತು ಲೆಕ್ಕ ಹಾಕಿ

ಇವತ್ತು ಗಂಡ ಹೆಂಡತಿ ದಯವಿಟ್ಟು ಪಕ್ಕಪಕ್ಕದಲ್ಲಿ ಕೂತುಕೊಳ್ಳಿ. ಲೂಕ 14ನೇ ಅಧ್ಯಾಯ ತೆಗೆಯಿರಿ. ಗೋಪುರ ಕಟ್ಟಲು ಹೊರಟು, ಖರ್ಚಿನ ಲೆಕ್ಕ ಹಾಕದೆ ಅರ್ಧಕ್ಕೆ ನಿಂತವನ ಮಾತು ಅಲ್ಲಿದೆ. ಯೇಸು ಸ್ವಾಮಿ ಅದನ್ನು ಹೇಳಿದ್ದು ಶಿಷ್ಯರಾಗುವುದರ ಬಗ್ಗೆ, ನಿಜ. ಆದರೆ ಸಂಸಾರದಲ್ಲೂ ಎಷ್ಟೋ ಗೋಪುರಗಳು ಹಾಗೇ ನಿಂತಿವೆ, ಅಲ್ವಾ?

ನಮ್ಮದೇ ಉದಾಹರಣೆ ಹೇಳ್ತೀನಿ. ನಗಬೇಡಿ.

2019ರಲ್ಲಿ ನಾವು ಹ್ಯೂಸ್ಟನ್‌ನಲ್ಲಿರುವ ಮಗಳ ಮನೆಗೆ ಹೋಗಿದ್ವಿ. ನಮಗೆ ಮದುವೆಯಾಗಿ ಆಗ 30 ವರ್ಷ. ಅಷ್ಟು ವರ್ಷವೂ "ಬರೋ ವರ್ಷ ಎಲ್ಲಾದರೂ ಹೋಗೋಣ" ಅಂತ ಹೇಳಿ ಹೇಳಿ ದಾಟಿಸಿದವನು ನಾನು. ಒಂದು ದಿನ ಜಾಹೀರಾತು ನೋಡಿದೆ. ಗ್ಯಾಲ್ವೆಸ್ಟನ್ ಬಂದರಿನಿಂದ ಮೆಕ್ಸಿಕೋದ ಕೊಝುಮೆಲ್ ದ್ವೀಪಕ್ಕೆ ಹಡಗಿನಲ್ಲಿ ಹೋಗಿ ಬರುವುದು, 4 ರಾತ್ರಿ, 249 ಡಾಲರ್. "ಹೋಗೋಣ್ವಾ?" ಅಂದೆ. ಅವಳು, "ರೀ, ಮೊದಲು ಪೆನ್ನು ತನ್ನಿ" ಅಂದಳು.

ಮೊದಲನೆಯ ಪಾಠ: ಅಗ್ಗ ಯಾಕೆ ಅಂತ ಕೇಳಿ

ಅಟ್ಲಾಂಟಿಕ್ ಕಡೆ ಜೂನ್ 1ರಿಂದ ನವೆಂಬರ್ 30ರ ತನಕ ಚಂಡಮಾರುತದ ಕಾಲ. ಸೆಪ್ಟೆಂಬರ್‌ನಲ್ಲಿ ಟಿಕೆಟ್ ಅಗ್ಗ ಇರುವುದಕ್ಕೆ ಅದೂ ಒಂದು ಕಾರಣ. ಡಿಸೆಂಬರ್ ಮೊದಲ ವಾರದಲ್ಲೂ ಅಗ್ಗ, ಆದರೆ ಆಗಿನ ಕಾರಣ ಬೇರೆ: ಮಕ್ಕಳಿಗೆ ಶಾಲೆ ಇರುತ್ತದೆ, ಕ್ರಿಸ್ಮಸ್ ರಜೆ ಶುರುವಾಗಿರುವುದಿಲ್ಲ. ಗಾಳಿಯ ಕಾಲವೂ ಮುಗಿದಿರುತ್ತದೆ, ಆ ದ್ವೀಪದಲ್ಲಿ ಬಿಸಿಲೂ ಬೆಚ್ಚಗಿರುತ್ತದೆ. ನಾವು ಆ ವಾರವನ್ನೇ ಆರಿಸಿಕೊಂಡ್ವಿ. ಅಪೊಸ್ತಲರ ಕೃತ್ಯಗಳು 27ನೇ ಅಧ್ಯಾಯ ನೆನಪಿದೆಯಾ? ಕಾಲ ಮೀರಿದೆ, ಈಗ ಹೊರಡುವುದು ಬೇಡ ಅಂತ ಪೌಲ ಎಚ್ಚರಿಸಿದ. ಶತಾಧಿಪತಿ ಅವನ ಮಾತು ಬಿಟ್ಟು ಹಡಗಿನ ಯಜಮಾನನ ಮಾತು ಕೇಳಿದ. 276 ಜನರ ಪ್ರಾಣವೇನೋ ಉಳಿಯಿತು, ಹಡಗು ಮಾತ್ರ ಒಡೆದುಹೋಯಿತು.

ಎರಡನೆಯ ಪಾಠ: ಪೂರ್ತಿ ಲೆಕ್ಕ ಬರೆಯಿರಿ

249 ಡಾಲರ್ ಅಂದರೆ ಒಬ್ಬರಿಗೆ, ಅದೂ ಒಂದು ಕೋಣೆಯಲ್ಲಿ ಇಬ್ಬರಿದ್ದರೆ. ಇಬ್ಬರಿಗೆ 498. ತೆರಿಗೆ ಮತ್ತು ಬಂದರಿನ ಶುಲ್ಕ 220. ಕೆಲಸದವರ ಟಿಪ್ಸ್ ದಿನಕ್ಕೆ ಒಬ್ಬರಿಗೆ 14ರಂತೆ 112. ಒಟ್ಟು 830 ಡಾಲರ್, ಆಗಿನ ನಮ್ಮ ದುಡ್ಡಲ್ಲಿ ಸುಮಾರು 59,000 ರೂಪಾಯಿ. ಜಾಹೀರಾತಿನ 249 ಎಲ್ಲಿ, ಈ 830 ಎಲ್ಲಿ!

ಕಿಟಕಿ ಇಲ್ಲದ ಒಳಗಿನ ಕೋಣೆ ತಗೊಂಡ್ವಿ, ಅದೇ ಎಲ್ಲಕ್ಕಿಂತ ಅಗ್ಗ. ಕೆಳಗಿನ ಅಂತಸ್ತಿನ ನಡುಮಧ್ಯದಲ್ಲಿ ಸಿಕ್ಕಿತು. ಅಲ್ಲಿ ಓಲಾಟ ಕಡಿಮೆ, ತಲೆಸುತ್ತೂ ಕಡಿಮೆ. ಊಟ, ನೀರು, ಟೀ ಟಿಕೆಟ್ಟಿನಲ್ಲೇ ಸೇರಿತ್ತು. ತಂಪು ಪಾನೀಯ, ವೈಫೈ, ಫೋಟೋ, ದ್ವೀಪದ ಟೂರು, ಹಡಗಿನ ಡಾಕ್ಟರು, ಇವಕ್ಕೆಲ್ಲ ಬೇರೆ ದುಡ್ಡು. ವೀಸಾ ವಿಷಯದಲ್ಲೂ ಎಚ್ಚರ ಇರಲಿ. ಭಾರತದ ಪಾಸ್‌ಪೋರ್ಟಿನಲ್ಲಿ ಚಾಲ್ತಿಯಲ್ಲಿರುವ ಅಮೆರಿಕದ ವೀಸಾ ಇದ್ದದ್ದರಿಂದ ಮೆಕ್ಸಿಕೋಗೆ ಬೇರೆ ವೀಸಾ ಬೇಕಾಗಲಿಲ್ಲ. ಆದರೆ ಹಡಗು ತಿರುಗಿ ಅಮೆರಿಕಕ್ಕೇ ಬರುತ್ತದಲ್ಲ, ಅದಕ್ಕೆ ನಮ್ಮ ವೀಸಾ ಮಲ್ಟಿಪಲ್ ಎಂಟ್ರಿ ಇದೆಯಾ ಅಂತ ಮಗಳು ಎರಡೆರಡು ಸಲ ನೋಡಿದಳು.

ಕೆಲವರು ಉಳಿತಾಯ ಅಂತ ಟಿಪ್ಸ್ ತೆಗೆಸಿಬಿಡ್ತಾರೆ. ಅದು ಮಾಡಬೇಡಿ. ನಮ್ಮ ಹಾಸಿಗೆ ಹಾಸುವವರು, ತಟ್ಟೆ ಎತ್ತುವವರು ಭಾರತ, ಫಿಲಿಪ್ಪೀನ್ಸ್, ಇಂಡೋನೇಷ್ಯಾದಿಂದ ಬಂದು ತಿಂಗಳುಗಟ್ಟಲೆ ಮಕ್ಕಳ ಮುಖ ನೋಡದೆ ದುಡಿಯುವವರು. ಅವರ ಜೇಬಿನಿಂದ ತೆಗೆದದ್ದು ಉಳಿತಾಯವಲ್ಲ.

ಮೂರನೆಯ ಪಾಠ: ಮುಚ್ಚಿಟ್ಟು ಖರ್ಚು ಮಾಡಬೇಡಿ

ಇಲ್ಲಿ ನಾನು ಸೋತೆ. ಹಡಗಿನೊಳಗೆ ನಗದು ನಡೆಯೋದಿಲ್ಲ. ಒಂದು ಕಾರ್ಡ್ ಕೊಡ್ತಾರೆ, ಅದೇ ಕೋಣೆಯ ಬೀಗದ ಕೈ, ಅದೇ ಪರ್ಸು. ತೋರಿಸಿದರೆ ಸಾಕು, ಬಿಲ್ಲಿಗೆ ಸೇರುತ್ತದೆ. ದುಡ್ಡು ಕೈಬಿಟ್ಟದ್ದೇ ಗೊತ್ತಾಗೋದಿಲ್ಲ. ಮೇಲಿನ ಖರ್ಚಿಗೆ 100 ಡಾಲರ್ ಅಂತ ಇಬ್ಬರೂ ಒಪ್ಪಿದ್ವಿ. ಮೊದಲ ರಾತ್ರಿಯೇ ನಾನು ಅವಳಿಗೆ ಹೇಳದೆ ದ್ವೀಪದ ದೋಣಿ ಟೂರು ಬುಕ್ ಮಾಡಿದೆ. ಇಬ್ಬರಿಗೆ 178 ಡಾಲರ್. ಸಂತೋಷ ಪಡ್ತಾಳೆ ಅಂದುಕೊಂಡೆ.

ಬೆಳಿಗ್ಗೆ ಕೋಣೆಯ ಟಿವಿಯಲ್ಲಿ ಅವಳು ಬಿಲ್ ನೋಡಿದಳು. ಜಗಳ ಮಾಡಲಿಲ್ಲ. ಮಂಚದ ಮೇಲೆ ಕೂತು, "ದುಡ್ಡಿಗೆ ಅಲ್ಲರೀ. 30 ವರ್ಷದಿಂದ ಹೀಗೇ. ಸೈಟು ತಗೊಂಡಾಗಲೂ, ಸಾಲ ಮಾಡಿದಾಗಲೂ ನನಗೆ ಕಡೆಯಲ್ಲೇ ಗೊತ್ತಾಗಿದ್ದು" ಅಂದಳು. ಪ್ರಿಯರೇ, ಪುಲ್ಪಿಟ್ಟಿನಲ್ಲಿ ನಿಂತು ಎಷ್ಟೋ ದಂಪತಿಗಳಿಗೆ ಬುದ್ಧಿ ಹೇಳಿದವನಿಗೆ ಆಗ ಬಾಯಿಂದ ಮಾತು ಬರಲಿಲ್ಲ. ಇಬ್ಬರೂ ಕೌಂಟರಿಗೆ ಹೋದ್ವಿ. ರದ್ದು ಮಾಡಲು ಇನ್ನೂ ಸಮಯವಿತ್ತು, ದುಡ್ಡು ಬಿಲ್ಲಿನಿಂದ ತೆಗೆದರು.

ಮರುದಿನ ಕೊಝುಮೆಲ್‌ನಲ್ಲಿ ಇಳಿದು ಸುಮ್ಮನೆ ಸಮುದ್ರದ ದಂಡೆಯಲ್ಲಿ ನಡೆದ್ವಿ. ಹಡಗು ಯಾರಿಗೂ ಕಾಯೋದಿಲ್ಲ ಅಂತ ಭಯ, ಅದಕ್ಕೆ ಬೇಗ ಬೇಗ ವಾಪಸ್ ಬಂದ್ವಿ. ನೋಡಿದರೆ ನನ್ನ ಫೋನು ದ್ವೀಪದ ಸಮಯಕ್ಕೆ ತಾನೇ ತಿರುಗಿತ್ತು. ಅದು ಟೆಕ್ಸಸ್‌ಗಿಂತ ಒಂದು ಗಂಟೆ ಮುಂದೆ. ನಮ್ಮ ಹಡಗು ಟೆಕ್ಸಸ್ ಸಮಯವನ್ನೇ ಇಟ್ಟುಕೊಂಡಿತ್ತು. ಕೈಯಲ್ಲಿ ಪೂರ್ತಿ ಒಂದು ಗಂಟೆ ಉಳಿಯಿತು!

ಬಂದರಿನ ಬೆಂಚಿನ ಮೇಲೆ ಕೂತ್ವಿ. ಅವಳಿಗೆ ಗೊತ್ತಿಲ್ಲದ ಒಂದು ಕೈಸಾಲ ಇನ್ನೂ ಬಾಕಿ ಇತ್ತು. ಅದನ್ನು ಅಲ್ಲೇ ಹೇಳಿದೆ. ಅವಳು ಸ್ವಲ್ಪ ಹೊತ್ತು ಸಮುದ್ರ ನೋಡಿದಳು. ಆಮೇಲೆ ಬ್ಯಾಗಿನಿಂದ ಅದೇ ಪೆನ್ನು ತೆಗೆದು, "ಎಷ್ಟು ಅಂತ ಹೇಳಿ, ಬರ್ಕೊಳ್ತೀನಿ" ಅಂದಳು. ಊರಿಗೆ ಬಂದು 14 ತಿಂಗಳಲ್ಲಿ ಇಬ್ಬರೂ ಸೇರಿ ತೀರಿಸಿದ್ವಿ. ಆ ಪ್ರವಾಸದಲ್ಲಿ ನನಗೆ ಸಿಕ್ಕಿದ್ದು ಆ ಒಂದು ಗಂಟೆ.

ಈ ವಾರ ಮನೆಯಲ್ಲಿ ಮಾಡಿ

1. ಹಡಗೇ ಆಗಬೇಕೆಂದಿಲ್ಲ, ಗೋಕರ್ಣದ ಬಸ್ಸೇ ಆಗಲಿ. ಇಬ್ಬರೂ ಕೂತು ಪೂರ್ತಿ ಖರ್ಚು ಬರೆಯಿರಿ.
2. ಒಬ್ಬರನ್ನೊಬ್ಬರು ಕೇಳದೆ ಎಷ್ಟು ರೂಪಾಯಿವರೆಗೆ ಖರ್ಚು ಮಾಡಬಹುದು ಅಂತ ಒಪ್ಪಿಕೊಳ್ಳಿ.
3. ಹೇಳದೆ ಉಳಿದಿರುವ ಒಂದು ಲೆಕ್ಕ ಇದ್ದರೆ, ಇವತ್ತು ರಾತ್ರಿ ಊಟವಾದ ಮೇಲೆ ಹೇಳಿ. ಕೇಳುವವರು ಮೊದಲು ಪೂರ್ತಿ ಕೇಳಿ.

ಈಗ ಕೈ ಕೈ ಹಿಡಿದು ಪ್ರಾರ್ಥನೆ ಮಾಡೋಣ. ಆಮೆನ್.